ಹಿತ್ಲ ಧರೆಗೆ ಕಲ್ಲುಗೋಡೆ, ಪಕ್ಕದಲ್ಲೊಂದು ಕೊಳ: ಮೊದಲು ನೀರಿಗೆ ದಾರಿ ಬಿಡಿ

ಪ್ರಶ್ನೆ: ಕುಮಟಾದಿಂದ ಒಳಗೆ ಗುಡ್ಡದ ಬುಡದಲ್ಲಿ ನಮ್ಮನೆ. ಹಿತ್ಲಲ್ಲಿ 30 ಅಡಿ ಉದ್ದ, ಮೂರಡಿ ಎತ್ತರದ ಧರೆ ಇದೆ, ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಜಾರಿ ಬರ್ತದೆ. ಅದಕ್ಕೆ ಸಿಮೆಂಟ್ ಹಾಕದೆ ಬರೀ ಕಲ್ಲಿಂದ ಗೋಡೆ ಕಟ್ಟಿ, ಅದರ ಬುಡದಲ್ಲೇ ಸಣ್ಣ ಕೊಳ ಮಾಡಿ, ಗೋಡೆ ಮೇಲಿಂದ ನೀರು ಬೀಳೋ ಹಾಗೆ ಮಾಡ್ಬೇಕು ಅಂತ ಆಸೆ. ಮೇಸ್ತ್ರಿ ನೋಡಿ ಸಿಮೆಂಟ್ ಇಲ್ದೆ ನಿಲ್ಲೂದೇ ಇಲ್ಲ ಅಂದ್ರು. ಯಾವ ಕಲ್ಲು ತಗೊಳ್ಳೂದು, ಕೊಳದಲ್ಲಿ ನೀರು ನಿಲ್ತದಾ, ಹಾವು ಸೊಳ್ಳೆ ಕಥೆ ಎಂತ? ಮನೇಲಿ 4 ವರ್ಷದ ಮಗು ಇದೆ.

ಉತ್ತರ: ಮೇಸ್ತ್ರಿಗೆ ಬೈಬೇಡಿ ಮಾರಾಯ್ರೆ. ಅವ್ರು ದಿನಾ ಕಟ್ಟೂದು ಪಾಗಾರ, ಅಂದ್ರೆ ಕಾಂಪೌಂಡ್ ಗೋಡೆ. ಪಾಗಾರದ ಎರಡೂ ಬದಿಗೆ ಗಾಳಿ, ಹಿಂದಿಂದ ದೂಡೋರು ಯಾರೂ ಇಲ್ಲ. ಧರೆಗೋಡೆ ಬೆನ್ನಿಗೆ ಮಣ್ಣು ಒರಗಿಕೊಂಡೇ ಇರ್ತದೆ, ಮಳೆಗಾಲ ಬಂತು ಅಂದ್ರೆ ಆ ಮಣ್ಣು ನೀರು ಕುಡಿದು ಇನ್ನೂ ಭಾರ ಆಗ್ತದೆ, ಆಮೇಲೆ ಮಣ್ಣಿನ ಸಂದಿಯ ನೀರು ತಾನೇ ಬೇರೆ ದೂಡೋಕೆ ಶುರು ಮಾಡ್ತದೆ. ಲೆಕ್ಕ ಹಾಕಿ ನೋಡಿ, ನಿಮ್ಮ 30 ಅಡಿ ಗೋಡೆ ಹಿಂದೆ ಮೂರಡಿ ಎತ್ತರಕ್ಕೆ ನೀರು ನಿಂತ್ರೆ ಬರೀ ನೀರಿನ ಒತ್ತಡವೇ ಸುಮಾರು ಕಾಲು ಕಡಿಮೆ ನಾಕು ಟನ್ ಅಂದ್ಕೊಳ್ಳಿ, ಸರಿಯಾಗಿ ಹೇಳೂದಾದ್ರೆ 3.8 ಟನ್. ಮಣ್ಣಿನದ್ದು ಬೇರೆ. ಕರಾವಳೀಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ. ಹಂಗಾಗಿ ಸಿಮೆಂಟ್ ಹಾಕಿ ಗಟ್ಟಿ ಮಾಡಿದ್ದೇನೆ ಅಂತ ನೀರಿಗೆ ದಾರಿ ಬಿಡದೆ ಕಟ್ಟಿದ ಗೋಡೆ ಇದ್ಯಲ್ಲ, ಅದು ಒಂದು ದಿನ ಇಡಿಯಾಗಿ ಮಗುಚ್ತದೆ. ಒಣಕಲ್ಲಿನ ಗೋಡೆಗೆ ಮೈಯೆಲ್ಲ ಸಂದಿ, ನೀರು ತಾನಾಗೇ ಸೋರಿ ಹೋಗ್ತದೆ, ಮಣ್ಣು ಸ್ವಲ್ಪ ಅಲುಗಿದ್ರೆ ಕಲ್ಲುಗಳೂ ಸ್ವಲ್ಪ ಅಲುಗಿ ಮತ್ತೆ ಕೂತ್ಕೊಳ್ತವೆ. ಮೇಸ್ತ್ರಿಗೆ ನಂಬಿಕೆ ಬರದಿದ್ರೆ ಹೇಳಿ, ಗಾರೆ ಇಲ್ದೆ ಕಲ್ಲುಗೋಡೆ ಕಟ್ಟೋ ವಿದ್ಯೆಯನ್ನ ಯುನೆಸ್ಕೋದವರು 2018ರಲ್ಲಿ ತಮ್ಮ ಪಾರಂಪರಿಕ ಪಟ್ಟಿಗೆ ಸೇರಿಸಿದ್ದಾರೆ, ಕ್ರೊಯೇಷಿಯಾ, ಗ್ರೀಸ್, ಇಟಲಿ, ಸ್ಪೇನ್ ಎಲ್ಲ ಸೇರಿ ಎಂಟು ದೇಶದ ಹೆಸರಲ್ಲಿ.

ಆದ್ರೆ ಕಲ್ಲು ಒಟ್ಟಿದ ಕೂಡ್ಲೆ ಅದು ಗೋಡೆ ಆಗೂದಿಲ್ಲ. ನಾನು ಸಿರ್ಸಿಯ ನಮ್ಮನೆ ಹಿತ್ಲಲ್ಲಿ ಮೊದಲನೇ ಸಲ ಕಟ್ಟಿದ್ದು ಒಂದೇ ಮಳೆಗಾಲಕ್ಕೆ ಬಿತ್ತು. ಚಂದ ಕಾಣ್ಲಿ ಅಂತ ಪ್ರತಿ ಕಲ್ಲಿನ ಅಗಲ ಮುಖವನ್ನ ಹೊರಗೆ ತಿರುಗಿಸಿ ಇಟ್ಟಿದ್ದೆ, ಹಿಂದಿನ ಖಾಲಿ ಜಾಗಕ್ಕೆ ಅಗೆದ ಮಣ್ಣನ್ನೇ ತುಂಬಿ ತುಳಿದಿದ್ದೆ. ಮೇ ತಿಂಗಳಲ್ಲಿ ನೋಡಿದವರೆಲ್ಲ ಭೇಷ್ ಅಂದ್ರು. ಆರಿದ್ರಾ ಮಳೆಗೆ ನಡು ಜಾಗದಲ್ಲಿ ಹೊಟ್ಟೆ ಬಂತು, ಪುಷ್ಯ ಮಳೆ ಹೊತ್ತಿಗೆ ರಾತ್ರಿ ಒಂದು ಸಲ ಗುಡುಗಿದ ಹಾಗೆ ಶಬ್ದ ಆಯ್ತು, ಬೆಳಿಗ್ಗೆ ನೋಡಿದ್ರೆ ಅರ್ಧ ಗೋಡೆ ಬಾಳೆ ಗಿಡಗಳ ಮೇಲೆ. ಬಿದ್ದ ಗೋಡೆ ಬಿಚ್ಚಿ ನೋಡಿದಾಗ್ಲೇ ನಂಗೆ ಗೊತ್ತಾಗಿದ್ದು, ಒಂದೇ ಒಂದು ಕಲ್ಲೂ ಒಳಗಡೆಗೆ ಉದ್ದ ಹೋಗಿರ್ಲಿಲ್ಲ, ಎಲ್ಲ ಗೋಡೆಗೆ ಅಂಟಿಸಿದ ಟೈಲ್ಸ್ ತರ ನಿಂತಿದ್ವು.

ಈಗ ನಿಮ್ಮ ಯೋಜನೆಯಲ್ಲಿ ನಂಗೆ ಒಪ್ಪಿಗೆ ಇಲ್ಲದ ಒಂದು ವಿಷಯ ಮೊದಲೇ ಹೇಳಿ ಮುಗಿಸ್ತೇನೆ. ಗೋಡೆ ಬುಡದಲ್ಲೇ ಕೊಳ ಬೇಡ, ಗೋಡೆ ಮೇಲಿಂದ ನೀರು ಬೀಳಿಸೂದೂ ಬೇಡ. ಫೋಟೊದಲ್ಲಿ ಬಹಳ ಚಂದ ಕಾಣ್ತದೆ ಹೌದು. ಆದ್ರೆ ಗೋಡೆ ನಿಂತಿರೂದೇ ಅದರ ಪಾದದ ಎದುರಿನ ಗಟ್ಟಿ ಮಣ್ಣಿನ ಬಲದ ಮೇಲೆ, ಅಲ್ಲೇ ಎರಡಡಿ ಹೊಂಡ ತೋಡಿದ್ರೆ ಮೂರಡಿ ಗೋಡೆ ಐದಡಿ ಗೋಡೆ ಆದ ಲೆಕ್ಕ. ಮೇಲಿಂದ ಪಂಪಿನ ನೀರು ಹರಿಸಿದ್ರೆ ಒಂದಲ್ಲ ಒಂದು ಸಂದೀಲಿ ಹಿಂದಕ್ಕೆ ಇಳೀತದೆ, ಅಂದ್ರೆ ಯಾವ ನೀರನ್ನ ಹೊರಗೆ ಹಾಕೋಕೆ ಇಷ್ಟೆಲ್ಲ ಒದ್ದಾಡ್ತೇವೋ ಅದೇ ನೀರನ್ನ ಕರೆಂಟು ಖರ್ಚು ಮಾಡಿ ಒಳಗೆ ಕಳಿಸಿದ ಹಾಗೆ. ಕೊಳ ಗೋಡೆಯಿಂದ ಕನಿಷ್ಠ ಆರಡಿ ದೂರ ಇರ್ಲಿ, ಎಂಟಾದ್ರೆ ಇನ್ನೂ ಒಳ್ಳೇದು. ಕೊಳ ತೋಡಿದ ಮಣ್ಣನ್ನೇ ಅದರ ಒಂದು ಬದಿಗೆ ಸಣ್ಣ ದಿಬ್ಬ ಮಾಡಿ ಚೆನ್ನಾಗಿ ಗುದ್ದಿ ಕೂರಿಸಿ, ಅದರ ಮೇಲೂ ಕೊಳಕ್ಕೆ ಹಾಸೋ ನೀರು ಸೋರದ ಶೀಟನ್ನೇ ಹಾಸಿ, ಕಲ್ಲು ಜೋಡಿಸಿ, ಅಲ್ಲಿಂದ ನೀರು ಬೀಳಿಸಿ. ಹಿಂದುಗಡೆ ನಿಮ್ಮ ಕಲ್ಲುಗೋಡೆ ಕಾಣ್ತದೆ, ನೋಡೋರಿಗೆ ಎರಡೂ ಒಂದೇ ಅನ್ನಿಸ್ತದೆ.

ಕಲ್ಲಿನ ವಿಷಯಕ್ಕೆ ಬರ್ತೇನೆ. ನಮ್ಮಲ್ಲಿ ಸುಲಭಕ್ಕೆ ಸಿಗೂದು ಎರಡು, ಚಿರೆಕಲ್ಲು ಮತ್ತೆ ಕಪ್ಪುಕಲ್ಲು. ಚಿರೆಕಲ್ಲು ನೆಲದಿಂದ ತೆಗೆಯೋವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಒಣಗಿ ಗಟ್ಟಿ ಆಗ್ತದೆ. ಬುಕನನ್ ಅಂತ ಒಬ್ಬ ಬ್ರಿಟಿಷ್ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿದ್ದ, ಜನ ನೆಲದಿಂದ ಇಟ್ಟಿಗೆ ತರ ಕಡಿದು ತೆಗೆಯೂದು ನೋಡಿಯೇ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ, ಲ್ಯಾಟಿನ್ನಲ್ಲಿ ಇಟ್ಟಿಗೆ ಅಂತ ಅರ್ಥ ಬರೋ ಶಬ್ದದಿಂದ. ಗಟ್ಟಿ ಚಿರೆಕಲ್ಲಿನ ತಾಕತ್ತು ನಿಮಗೆ ನಾನು ಹೇಳೂದು ಬೇಡ, ಮಿರ್ಜಾನ್ ಕೋಟೆ ನಿಮ್ಮೂರ ಹತ್ರಾನೇ ಇದೆ, ಮಳೆಗಾಲದಲ್ಲಿ ಪಾಚಿ ಹಿಡಿದು ಹಸಿರಾಗಿ ನಿಂತಿರ್ತದೆ. ಆದ್ರೆ ಧರೆಗೋಡೆಗೆ ನಾನು ಕಪ್ಪುಕಲ್ಲನ್ನೇ ಹೇಳೂದು. ಎಂತಕ್ಕೆ ಅಂದ್ರೆ ಚಿರೆಕಲ್ಲು ಕಪ್ಪುಕಲ್ಲಿಗಿಂತ ಹಗುರ, ಮತ್ತೆ ಆರು ಮುಖಾನೂ ನೀಟಾಗಿ ಕಡಿದಿರೂದ್ರಿಂದ ಗಾರೆ ಇಲ್ದೆ ಇಟ್ರೆ ಒಂದರ ಮೇಲೊಂದು ಜಾರ್ತದೆ. ಒರಟು ಕಪ್ಪುಕಲ್ಲು ಒಂದಕ್ಕೊಂದು ಹಲ್ಲು ಕಚ್ಚಿದ ಹಾಗೆ ಕೂತ್ಕೊಳ್ತದೆ, ಒಣಗೋಡೆಗೆ ಬೇಕಾದ್ದು ಭಾರ ಮತ್ತೆ ಒರಟುತನ. ಚಿರೆಕಲ್ಲೇ ಬೇಕು ಅಂತಾದ್ರೆ ತರಿಸೋವಾಗ ಒಂದೊಂದನ್ನೂ ತಿರುಗಿಸಿ ನೋಡಿ, ಒಳಗೆ ಬಿಳಿ ಶೇಡಿಮಣ್ಣಿನ ಗಂಟು ಇದ್ರೆ ಬೇಡ, ಎರಡು ಮಳೆಗಾಲದಲ್ಲಿ ಶೇಡಿ ಕರಗಿ ಹೋಗಿ ಕಲ್ಲು ಜೇನುಹುಟ್ಟಿನ ಹಾಗೆ ಆಗ್ತದೆ.

ಕಲ್ಲನ್ನ ಕ್ವಾರಿಯಿಂದ ಬಿಲ್ಲು ತಗೊಂಡೇ ತನ್ನಿ. ಬೆಟ್ಟದಲ್ಲಿ ಬಿದ್ದ ಕಲ್ಲು, ಹೊಳೇಲಿ ಉರುಟಾದ ಕಲ್ಲು ಪುಕ್ಕಟೆ ಅಂತ ಪಿಕಪ್ ತಗೊಂಡು ಹೋಗ್ಬೇಡಿ, ಅರಣ್ಯದೊಳಗಿನ ಕಲ್ಲೂ ಕಾನೂನು ಪ್ರಕಾರ ಅರಣ್ಯ ಉತ್ಪನ್ನವೇ, ಮರ ಕಡಿದ ಹಾಗೇ ಕೇಸು ಬೀಳಬಹುದು. ಅದಲ್ದೆ ಹೊಳೆಕಲ್ಲಿನ ಅಡಿಯಲ್ಲಿ ಏಡಿ, ಮೀನಿನ ಮರಿ, ಕಪ್ಪೆ ಎಲ್ಲದರ ಸಂಸಾರ ಇರ್ತದೆ. ಉರುಟು ಕಲ್ಲು ಗೋಡೆಗೆ ಬರೂದೂ ಇಲ್ಲ, ಕುಂಬಳಕಾಯಿ ಒಟ್ಟಿದ ಹಾಗೆ.

ಎಷ್ಟು ಬೇಕು ಅಂತ ಕೇಳ್ತೀರಿ. ಗೋಡೆ ಬುಡದಲ್ಲಿ ಎರಡಡಿ ದಪ್ಪ, ತಲೇಲಿ ಒಂದಡಿ, ಸರಾಸರಿ ಒಂದೂವರೆ. 30 ಅಡಿ ಉದ್ದ ಮೂರಡಿ ಎತ್ತರಕ್ಕೆ 135 ಘನ ಅಡಿ ಆಯ್ತು, ಪಾಯಕ್ಕೆ ಇನ್ನೊಂದು 60. ಒಡೆದು ಹೋಗೂದು, ಆಕಾರ ಸರಿ ಇಲ್ದೆ ಬಿಸಾಡೂದು ಸೇರಿಸಿದ್ರೆ ಎರಡು ಬ್ರಾಸಿಗಿಂತ ಸ್ವಲ್ಪ ಹೆಚ್ಚೇ ತರಿಸಿ, ಬ್ರಾಸ್ ಅಂದ್ರೆ 100 ಘನ ಅಡಿ. ನೆಲದ ಮೇಲಿನ ಗೋಡೆಯ ತೂಕವೇ ಏಳು ಏಳೂವರೆ ಟನ್ ಬರ್ತದೆ, ಹಂಗಾಗಿ ಟಿಪ್ಪರ್ ಎಲ್ಲಿ ಖಾಲಿ ಮಾಡ್ತದೆ ಅಂತ ಮೊದಲೇ ನೋಡ್ಕೊಳ್ಳಿ, ಗೇಟಲ್ಲಿ ಸುರಿದು ಹೋದ್ರೆ ಹಿತ್ಲಿಗೆ ಹೊರೋದ್ರಲ್ಲೇ ಸೊಂಟ ಹೋಗ್ತದೆ. ಒಂದು ಘನ ಅಡಿ ಕಪ್ಪುಕಲ್ಲು ಸುಮಾರು 75 ಕೆ.ಜಿ., ಒಬ್ಬರೇ ಎತ್ತೋ ಶೌರ್ಯ ಬೇಡ, ಹಾರೆ ಹಾಕಿ ಉರುಳಿಸಿ.

ಕೆಲಸ ಶುರು ಮಾಡೂದು ದೀಪಾವಳಿ ಕಳೆದ ಮೇಲೆ, ಮಣ್ಣು ಆರಿ ಬಿಗಿ ಆದಾಗ. ಮೊದಲು ಧರೆಯ ಬುಡದಲ್ಲಿ ಜಾರಿ ಬಿದ್ದ ಸಡಿಲ ಮಣ್ಣೆಲ್ಲ ತೆಗೆದು, ಎರಡಡಿ ಅಗಲ ಒಂದಡಿ ಆಳದ ಪಾಯ ತೋಡಿ. ಹಾರೆ ಕುಟ್ಟಿದ್ರೆ ಟಣ್ ಅನ್ನೋ ಮಣ್ಣು ಸಿಗೋವರೆಗೆ ಹೋಗ್ಬೇಕು, ಒಂದಡಿಗೆ ಸಿಗದಿದ್ರೆ ಒಂದೂವರೆಗೆ. ಪಾಯದ ತಳ ಧರೆ ಕಡೆಗೆ ಸ್ವಲ್ಪ ಇಳಿಜಾರಾಗಿರ್ಲಿ, ಗೋಡೆ ಇಡಿಯಾಗಿ ಗುಡ್ಡಕ್ಕೆ ಒರಗಿ ಕೂರ್ಬೇಕು. ಇಡೀ 30 ಅಡಿಗೂ ಒಟ್ಟಿಗೆ ಧರೆ ಕಡಿದು ಬಿಡಬೇಡಿ ಮತ್ತೆ, ಹತ್ತತ್ತಡಿ ಮಾಡಿ ಒಂದು ತುಂಡು ಕಟ್ಟಿ ಆದ ಮೇಲೆ ಇನ್ನೊಂದು. ಅತಿ ದೊಡ್ಡ ಕಲ್ಲೆಲ್ಲ ಪಾಯಕ್ಕೇ ಹೋಗ್ಲಿ, ಚಂದ ಇರೂದನ್ನ ಮೇಲಕ್ಕೆ ಉಳಿಸೋಣ ಅಂತ ಆಸೆ ಆಗ್ತದೆ, ಆ ಆಸೆ ಬಿಡಿ.

ಗೋಡೆಯ ಎರಡು ತುದಿಗೂ ಬಿದಿರಿನ ಗೂಟ ಓರೆಯಾಗಿ ನಿಲ್ಸಿ ಸುತಲಿ ದಾರ ಕಟ್ಕೊಳ್ಳಿ. ಆರು ಇಂಚು ಮೇಲೆ ಹೋದ್ರೆ ಒಂದು ಇಂಚು ಹಿಂದಕ್ಕೆ, ಅಂದ್ರೆ ಮೂರಡಿ ತಲೆ ಮುಟ್ಟೋ ಹೊತ್ತಿಗೆ ಮುಖ ಅರ್ಧ ಅಡಿ ಹಿಂದೆ ಸರಿದಿರ್ಬೇಕು, ಉಳಿದ ಅರ್ಧ ಅಡಿ ಹಿಂಬದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಮ್ಮಿ ಆಗ್ತದೆ. ಕಲ್ಲು ಇಡೋವಾಗ ಉದ್ದದ ಬದಿ ಗೋಡೆಯ ಒಳಗಡೆಗೆ, ಗಿಡ್ಡ ಬದಿ ಹೊರಗೆ, ನಾನು ಮಾಡಿದ ತಪ್ಪಿನ ಉಲ್ಟಾ. ಕೆಳಗಿನ ಎರಡು ಕಲ್ಲಿನ ಸಂದಿ ಮೇಲೆ ಮೇಲಿನ ಕಲ್ಲಿನ ನಡುಭಾಗ ಬರ್ಬೇಕು, ಸಂದಿ ಮೇಲೆ ಸಂದಿ ಬಂದು ಉದ್ದಕ್ಕೆ ಗೆರೆ ಕಂಡ್ರೆ ಅಲ್ಲೇ ಬಿರಿಯೂದು. ಪ್ರತಿ ಕಲ್ಲನ್ನ ಇಟ್ಟ ಮೇಲೆ ಕೈಯಿಂದ ಅಲ್ಲಾಡಿಸಿ, ಅಲುಗಿದ್ರೆ ಹಿಂದಿನ ಬದಿಯಿಂದ ಚಕ್ಕೆ ಕೊಡಿ, ಎದುರಿಂದ ತುರುಕಿದ ಚಕ್ಕೆ ಒಂದು ದಿನ ಉದುರಿ ಬೀಳ್ತದೆ. ನಡುವಿನ ಟೊಳ್ಳು ಜಾಗಕ್ಕೆ ಚೂರುಕಲ್ಲನ್ನ ಒಂದೊಂದಾಗಿ ಕೈಯಲ್ಲೇ ಜೋಡಿಸಿ ತುಂಬ್ಬೇಕು, ಬುಟ್ಟೀಲಿ ಸುರಿಯೂದಲ್ಲ, ಮಣ್ಣಂತೂ ಬೇಡವೇ ಬೇಡ, ಮಣ್ಣು ಮಳೆಗೆ ತೊಳೆದು ಹೋಗಿ ಒಳಗೆ ಖಾಲಿ ಆಗ್ತದೆ. ಒಂದೂವರೆ ಅಡಿ ಎತ್ತರಕ್ಕೆ ಬಂದಾಗ ಪ್ರತಿ ಮೂರಡಿಗೊಂದು ಉದ್ದ ಅಡ್ಡಗಲ್ಲು ಹಾಕಿ, ಗೋಡೆಯ ಮುಂದಿಂದ ಹಿಂದಿನವರೆಗೆ ಮುಟ್ಟೋ ಅಂಥದ್ದು, ಅದೇ ಇಡೀ ಗೋಡೆಯನ್ನ ಹೊಲಿದು ಹಿಡ್ಕೊಳ್ಳೂದು. ಕ್ವಾರಿಯಲ್ಲಿ ಹತ್ತು ಉದ್ದಗಲ್ಲು ಬೇರೆ ಇಡಿ ಅಂತ ಮೊದಲೇ ಹೇಳಿ, ಆಮೇಲೆ ಹುಡುಕಿದ್ರೆ ಸಿಗೂದಿಲ್ಲ. ತಲೆಗೆ ಭಾರದ ಚಪ್ಪಟೆ ಕಲ್ಲು, ನಿಮ್ಮನೆಯವರು ಸಂಜೆ ಕೂತು ಚಾ ಕುಡಿಯೋಕೆ ಆಗೋ ಅಂಥದ್ದು. ಅಭ್ಯಾಸ ಇರೋ ಇಬ್ಬರು ದಿನಕ್ಕೆ ಆರೇಳಡಿ ಉದ್ದ ಮುಗಿಸ್ತಾರೆ, ಅದಕ್ಕಿಂತ ಬೇಗ ಆಗ್ತಿದ್ರೆ ಹೋಗಿ ನೋಡಿ ಎಂತ ತುಂಬ್ತಿದ್ದಾರೆ ಅಂತ.

ಗೋಡೆ ಹಿಂದೆ ಧರೆಗೂ ಗೋಡೆಗೂ ನಡುವೆ ಒಂದಡಿ ದಪ್ಪ ಜಲ್ಲಿ. ಗೋಡೆ ಏರಿದ ಹಾಗೇ ಜಲ್ಲಿನೂ ಏರಿಸ್ತಾ ಹೋಗ್ಬೇಕು. ಧರೆಯ ಮಣ್ಣಿಗೂ ಜಲ್ಲಿಗೂ ಮಧ್ಯ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿ, ಕಂಬಳಿ ತರ ಇರ್ತದಲ್ಲ ಅದು, ನೀರು ಬಿಡ್ತದೆ ಮಣ್ಣು ಬಿಡೂದಿಲ್ಲ. ಪ್ಲಾಸ್ಟಿಕ್ ಟಾರ್ಪಲ್ ಹಾಕಿದ್ರೆ ಎಲ್ಲ ಕೆಟ್ಟ ಹಾಗೆ, ನೀರು ಅದರ ಹಿಂದೆಯೇ ನಿಲ್ತದೆ. ಜಲ್ಲಿಯ ತಳದಲ್ಲಿ ನಾಕಿಂಚಿನ ತೂತು ಪೈಪು, 30 ಅಡಿಗೆ ನಾಕಿಂಚು ಇಳಿಜಾರು ಸಾಕು, ತುದಿ ನಿಮ್ಮ ತೋಟದ ಬಸಿಗಾಲುವೆಗೆ. ಈ ಜಲ್ಲಿ ಪೈಪಿನ ಖರ್ಚು ಕಣ್ಣಿಗೆ ಕಾಣೂದಿಲ್ಲ ಅಂತ ಜನ ಇದನ್ನೇ ಉಳಿಸೋಕೆ ನೋಡ್ತಾರೆ. ಕಲ್ಲು ಬೇಕಾದ್ರೆ ಕಮ್ಮಿ ಚಂದದ್ದು ತನ್ನಿ, ಇದನ್ನ ಬಿಡಬೇಡಿ. ಮತ್ತೆ ಧರೆಯ ಮೇಲ್ಗಡೆ, ಅಂಚಿನಿಂದ ನಾಕೈದಡಿ ಹಿಂದೆ, ಅಡ್ಡಕ್ಕೆ ಒಂದು ಕಾಲುವೆ ತೆಗೆದು ಗುಡ್ಡದಿಂದ ಹರಿದು ಬರೋ ನೀರನ್ನ ಪಕ್ಕಕ್ಕೆ ತಿರುಗಿಸಿಬಿಡಿ, ನೀರು ಅಲ್ಲಿ ನಿಂತು ಇಂಗದ ಹಾಗೆ ಓಟ ಇರ್ಲಿ. ಇಂಗುಗುಂಡಿ ಒಳ್ಳೇದೇ, ಆದ್ರೆ ಧರೆಯ ತಲೆ ಮೇಲೆ ಇಂಗುಗುಂಡಿ ತೋಡೂದು ಅಂದ್ರೆ ಗೋಡೆಗೆ ನೀವೇ ಮುಹೂರ್ತ ಇಟ್ಟ ಹಾಗೆ.

ಇನ್ನು ಕೊಳ. ನಿಮ್ಮ ಕಡೆಯ ಚಿರೆ ನೆಲದಲ್ಲಿ ನೀರು ನಿಲ್ತದಾ ಅಂದ್ರೆ, ಜುಲೈಯಲ್ಲಿ ಬೇಡ ಅಂದ್ರೂ ನಿಲ್ತದೆ, ಜನವರಿಯಲ್ಲಿ ಬೇಕು ಅಂದ್ರೂ ನಿಲ್ಲೂದಿಲ್ಲ. ಚಿರೆಯ ಮೈಯೆಲ್ಲ ತೂತು. ಪರೀಕ್ಷೆ ಮಾಡೂದು ಸುಲಭ, ಒಂದೂವರೆ ಅಡಿ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಂದು ಸಲ ತುಂಬಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಘಟ್ಟದ ಮೇಲೆ ಗದ್ದೆ ಕಡೆ ಜೇಡಿಮಣ್ಣು ಇದ್ದಲ್ಲಿ ಹಸಿ ಮಣ್ಣನ್ನ ಕೋಡುಬಳೆ ತರ ಹೊಸೆದು ಬಗ್ಗಿಸಿದ್ರೆ ಬಿರಿಯದೆ ಬಳೆ ಆಗ್ತದೆ, ಅಂಥ ಮಣ್ಣನ್ನ ಪದರ ಪದರ ತುಳಿದು ಒಂದಡಿ ಹತ್ರ ದಪ್ಪ ಮಾಡಿದ್ರೆ ನೀರು ಹಿಡೀತದೆ, ಆದ್ರೆ ಏಪ್ರಿಲಲ್ಲಿ ಒಂದು ಸಲ ಒಣಗಿ ಬಿರುಕು ಬಿಟ್ರೆ ಮುಗೀತು. ನಿಮಗೆ ಶೀಟೇ ಸರಿ. ಕೃಷಿಹೊಂಡಕ್ಕೆ ಹಾಕೋ 500 ಮೈಕ್ರಾನ್ ದಪ್ಪದ ಕಪ್ಪು ಪ್ಲಾಸ್ಟಿಕ್ ಎಚ್‌ಡಿಪಿಇ ಸಾಕು, ಬಿಸಿಲು ತಡೆಯೋ ಯುವಿ ಗುಣ ಇದೆಯಾ ಕೇಳಿ ತಗೊಳ್ಳಿ. ರಬ್ಬರಿನ ಇಪಿಡಿಎಂ ಶೀಟು ಮೂಲೆ ಮುರುಕಿಗೆ ಚೆನ್ನಾಗಿ ಮಡಚ್ತದೆ, ದುಡ್ಡು ಜಾಸ್ತಿ. ಅಳತೆ ಹೀಗೆ, 10 ಅಡಿ ಉದ್ದ 6 ಅಡಿ ಅಗಲ 2 ಅಡಿ ಆಳದ ಕೊಳಕ್ಕೆ ಉದ್ದಕ್ಕೂ ಅಗಲಕ್ಕೂ ಆಳದ ಎರಡು ಪಟ್ಟು ಸೇರಿಸಿ, ಮೇಲೆ ಎರಡೂ ಬದಿಗೆ ಒಂದೊಂದಡಿ ಬಿಟ್ರೆ 16ಕ್ಕೆ 12 ಅಡಿ ಶೀಟು. ಅಡಿಗೆ ಚೂಪು ಕಲ್ಲು ಬೇರು ಎಲ್ಲ ಆರಿಸಿ ತೆಗೆದು ಎರಡಿಂಚು ಮರಳು, ಅದರ ಮೇಲೆ ಹಳೇ ಕಂಬಳಿ ಆದ್ರೂ ಹಾಸಿ. ಹತ್ರ ಬಿದಿರು ಇದ್ರೆ ಜಾಗ ಬದಲಿಸಿ, ಬಿದಿರಿನ ಮೊಳಕೆ ಶೀಟನ್ನ ಸೂಜಿ ಹಾಗೆ ಚುಚ್ಚಿ ಬರ್ತದೆ. ಹಲಸಿನ ಮರದಡಿಯೂ ಬೇಡ, ಎಲೆ ಗೋರಿ ಗೋರಿ ಸಾಕಾಗ್ತದೆ.

ಈಗ ಬಯಲುಸೀಮೆಯ ವಿಡಿಯೊ ನೋಡಿ ಮಾಡೋರಿಗೆ ಗೊತ್ತಿಲ್ಲದ ನಮ್ಮ ಕಡೆಯ ತೊಂದರೆ ಒಂದು. ಮಳೆಗಾಲದಲ್ಲಿ ನಿಮ್ಮ ಬಾವಿ ನೀರು ಎಷ್ಟು ಮೇಲೆ ಬರ್ತದೆ ನೋಡಿ. ಗುಡ್ಡದ ಬುಡದಲ್ಲಿ ಎಷ್ಟೋ ಕಡೆ ಕೈಗೆ ಸಿಗೋ ಹಾಗೆ ಬರ್ತದೆ. ಆವಾಗ ಕೊಳದ ಶೀಟಿನ ಅಡಿಗೂ ಅದೇ ನೀರು ಬಂದು ಶೀಟನ್ನ ಮೇಲಕ್ಕೆ ಎತ್ತತದೆ, ಕೊಳದ ನಡುವೆ ಪೂರಿ ಉಬ್ಬಿದ ಹಾಗೆ ಶೀಟು ತೇಲ್ತದೆ. ಜನ ಹೆದರಿ ಕೊಳ ಖಾಲಿ ಮಾಡ್ತಾರೆ, ಖಾಲಿ ಮಾಡಿದಷ್ಟೂ ಮೇಲಿನ ಭಾರ ಕಮ್ಮಿ ಆಗಿ ಇನ್ನೂ ಉಬ್ತದೆ. ಸಿಮೆಂಟಿನ ಖಾಲಿ ತೊಟ್ಟಿ ಆದ್ರೆ ಬಿರಿಯಲೂಬಹುದು. ಹಾಗಾಗಿ ಕೊಳವನ್ನ ಹಿತ್ಲಿನ ಅತಿ ತಗ್ಗಿನ ಜಾಗದಲ್ಲಿ ಮಾಡ್ಬೇಡಿ, ಸ್ವಲ್ಪ ಎತ್ತರದಲ್ಲಿ ಮಾಡಿ, ಶೀಟಿನ ಅಡಿಯಿಂದ ಜಲ್ಲಿ ತುಂಬಿದ ಒಂದು ಸಣ್ಣ ಚರಂಡಿ ತಗ್ಗಿನ ಕಡೆಗೆ ತೆಗೆದಿಡಿ, ಮತ್ತೆ ಮಳೆಗಾಲದಲ್ಲಿ ಕೊಳ ಖಾಲಿ ಮಾಡೋ ಕೆಲಸಕ್ಕೆ ಹೋಗ್ಬೇಡಿ.

ಮಗುವಿನ ವಿಷಯ. 4 ವರ್ಷದ ಮಗು ಇರೋ ಮನೇಲಿ ತೆರೆದ ಕೊಳ ಈಗ ಬೇಡ ಅಂತಲೇ ನನ್ನ ಅಭಿಪ್ರಾಯ. ಆಳ ಕಮ್ಮಿ ಇದ್ರೆ ಸಾಕು ಅಂತ ಕೆಲವರು ಹೇಳ್ತಾರೆ, ಸಣ್ಣ ಮಕ್ಕಳಿಗೆ ಮುಖ ಮುಳುಗುವಷ್ಟು ನೀರೇ ಸಾಕು, ಶಬ್ದಾನೂ ಬರೂದಿಲ್ಲ. ಹೊಂಡ ಮಾತ್ರ ಈಗಲೇ ತೋಡಿ, ಶೀಟು ಹಾಕಿ, ಮೇಲೆ ಇನ್ನೊಂದು ಕಂಬಳಿ ಹಾಸಿ, ಪೂರ್ತಿ ಉರುಟು ಕಲ್ಲಿಂದ ತುಂಬಿ ಬಿಡಿ, ಅಡಿಗೆ ದೊಡ್ಡದು ಮೇಲಕ್ಕೆ ಸಣ್ಣದು, ಅಂಗಡೀಲಿ ಗಾರ್ಡನ್ ಪೆಬಲ್ಸ್ ಅಂತ ಸಿಗ್ತದೆ. ಒಂದು ಮೂಲೇಲಿ ತೂತು ಮಾಡಿದ ಡ್ರಮ್ಮು ನಿಲ್ಸಿ ಅದರೊಳಗೆ ಪಂಪು ಇಟ್ಟು ಮುಚ್ಚಳಕ್ಕೆ ಬೀಗ ಹಾಕಿ. ದಿಬ್ಬದ ಮೇಲಿಂದ ಬಿದ್ದ ನೀರು ಕಲ್ಲಿನ ಸಂದೀಲಿ ಇಳಿದು ಮಾಯ ಆಗಿ ಮತ್ತೆ ಮೇಲೆ ಹೋಗ್ತದೆ, ಕಲ್ಲಿನ ಮೇಲ್ಮೈಗಿಂತ ಮೂರು ನಾಕಿಂಚು ಕೆಳಗೇ ನೀರು. ಮಗು ಅದರ ಮೇಲೆ ನಡೀಬಹುದು, ನೀರಿಗೆ ಕೈ ಒಡ್ಡಿ ಆಡಬಹುದು. ಕಲ್ಲಿನ ಭಾರಕ್ಕೆ ಶೀಟೂ ಉಬ್ಬೂದಿಲ್ಲ. ಸಂದೀಲಿ ಹಿಡಿಯೋ ನೀರು ಹೊಂಡದ ಅರ್ಧಕ್ಕಿಂತ ಕಮ್ಮಿ, ಮೇಲೆ ಹೇಳಿದ ಅಳತೆಗೆ ಸಾವಿರ ಲೀಟರ್ ಮೇಲೆ ಇರ್ತದೆ, ಪಂಪಿಗೆ ಅದು ಧಾರಾಳ. ಮಗು ದೊಡ್ಡದಾಗಿ ಈಜು ಕಲಿತ ಮೇಲೆ ಕಲ್ಲು ತೆಗೆದ್ರೆ ಅದೇ ಕೊಳ.

ನೀರಿನ ಧಾರೆಗೆ ಒಂದಿಂಚು ಅಗಲಕ್ಕೆ ಗಂಟೆಗೆ 400ರಿಂದ 500 ಲೀಟರ್ ಬೇಕು, ಆರಿಂಚಿನ ಧಾರೆಗೆ 3000 ಲೀಟರಿನ ಪಂಪು. ಪಂಪಿನ ಡಬ್ಬಿ ಮೇಲೆ ಬರೆದಿರೂದು ಎತ್ತರ ಸೊನ್ನೆ ಇದ್ದಾಗಿನ ಲೆಕ್ಕ, ಮೂರಡಿ ಮೇಲೆತ್ತೋವಾಗ ಕಮ್ಮಿ ಆಗ್ತದೆ, ಒಂದು ಸೈಜು ದೊಡ್ಡದೇ ತಗೊಳ್ಳಿ. ವೈರಿಂಗಿಗೆ, ಕರೆಂಟು ಸೋರಿದ ಕೂಡ್ಲೆ ಲೈನ್ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ದೆ ನೀರಲ್ಲಿ ಪಂಪು ಇಡಲೇಬೇಡಿ. ಸಿಡಿಲಿನ ಮಳೆ ಬರೋ ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಪ್ಲಗ್ ಕಿತ್ತಿಡಿ.

ಕೊಳದ ಅಂಚು ಸುತ್ತಲಿನ ನೆಲಕ್ಕಿಂತ ಎರಡು ಮೂರಿಂಚು ಎತ್ತರ ಇರ್ಲಿ, ಇಲ್ಲಾಂದ್ರೆ ಅಂಗಳದ ಕೆಂಪು ನೀರೆಲ್ಲ ಒಳಗೆ. ಒಂದು ಕಡೆ ಮೂರಿಂಚಿನ ಪೈಪು ತುಂಬಿ ಹರಿಯೋಕೆ. ಒಂದು ದಿನ 200 ಮಿಲಿಮೀಟರ್ ಹೊಡೆದ್ರೆ 60 ಚದರಡಿ ಕೊಳದ ಮೇಲೆ ನೇರ ಬೀಳೂದೇ 1100 ಲೀಟರ್. ಬೇಸಗೇಲಿ ಬಿಸಿಲಿಗೆ ಇದೇ ಕೊಳದಿಂದ ದಿನಕ್ಕೆ ಹೆಚ್ಚು ಕಮ್ಮಿ ಎರಡು ಕೊಡ ನೀರು ಆವಿ ಆಗ್ತದೆ, ತೂತು ಬಿತ್ತು ಅಂತ ಗಾಬರಿ ಬೇಡ. ನಿಜವಾಗಿ ಸೋರ್ತಿದೆಯಾ ನೋಡೋಕೆ ಒಂದು ಬಕೆಟ್ ತುಂಬ ನೀರು ಹಾಕಿ ಕೊಳದೊಳಗೇ ಕಲ್ಲಿನ ಮೇಲೆ ಇಟ್ಟು, ಬಕೆಟಿನ ನೀರಿಗೂ ಕೊಳದ ನೀರಿಗೂ ಗುರುತು ಹಾಕಿ ಎರಡು ದಿನ ಬಿಡಿ, ಪಂಪು ಬಂದ್ ಮಾಡಿ. ಎರಡೂ ಒಂದೇ ಸಮ ಇಳಿದ್ರೆ ಬಿಸಿಲು, ಕೊಳ ಮಾತ್ರ ಹೆಚ್ಚು ಇಳಿದ್ರೆ ತೂತು. ಪಂಪು ಹಾಕಿದಾಗ ಮಾತ್ರ ಇಳಿಯೂದಾದ್ರೆ ತೂತು ಕೊಳದಲ್ಲಲ್ಲ, ದಿಬ್ಬದ ಕಲ್ಲಿನ ಸಂದೀಲಿ ನೀರು ಪಕ್ಕಕ್ಕೆ ಹೋಗ್ತಿದೆ.

ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರೋಕೆ ವಾರ ಹತ್ತು ದಿನ ಸಾಕು, ನೀರು ಅಲುಗ್ತಾ ಇದ್ರೆ ಅದಕ್ಕೆ ಕಷ್ಟ. ಕಲ್ಲು ತುಂಬಿದ ಹೊಂಡದಲ್ಲಿ ತೊಂದರೆ ಕಮ್ಮಿ, ಪೂರ್ತಿ ಇಲ್ಲ ಅಂತಲ್ಲ, ಊರಿಗೆ ಹೋಗಿ ಹತ್ತು ದಿನ ಪಂಪು ನಿಲ್ಸೂದಿದ್ರೆ ನೀರು ಖಾಲಿ ಮಾಡಿ ಹೋಗಿ, ಬೇಸಗೆಯಾದ್ರೆ ಅದರಿಂದ ತೊಂದರೆ ಇಲ್ಲ. ಮುಂದೆ ತೆರೆದ ಕೊಳ ಮಾಡಿದಾಗ ಮೀನು ಬಿಡಿ. ಎಲ್ಲರೂ ಗಪ್ಪಿ ಹೇಳ್ತಾರೆ, ಗಪ್ಪಿ ಲಾರ್ವಾ ತಿನ್ನೂದು ಹೌದು, ಆದ್ರೆ ಅದು ದಕ್ಷಿಣ ಅಮೆರಿಕದ ಮೀನು, ನಿಮ್ಮ ಕೊಳ ತುಂಬಿ ಹರಿದು ಹಳ್ಳ ಸೇರಿದ್ರೆ ಅಲ್ಲಿನ ಮೀನಿಗೆ ಉಪದ್ರ. ನಮ್ಮ ಗದ್ದೆ ಕಾಲುವೇಲೇ ನೆತ್ತಿ ಮೇಲೆ ಬಿಳಿ ಚುಕ್ಕಿ ಹೊಳೆಯೋ, ಯಾವಾಗ್ಲೂ ನೀರಿನ ಮೇಲ್ಮೈಯಲ್ಲೇ ಓಡಾಡೋ ಸಣ್ಣ ಮೀನು ಇರ್ತದೆ, ಹತ್ತು ಹಿಡಿದು ಬಿಟ್ರೆ ಸಾಕು. ನೈದಿಲೆ, ಬಜೆ, ಅಂಚಿಗೆ ಒಂದೆಲಗ ಹಾಕಿ, ನೀರಿನ ಅರ್ಧ ಭಾಗ ಎಲೆ ನೆರಳಿದ್ರೆ ಪಾಚಿ ಕಮ್ಮಿ. ಅಂತರಗಂಗೆ ಮಾತ್ರ ಯಾರು ಕೊಟ್ರೂ ತರಬೇಡಿ. ಅಂಚಿನ ಕಲ್ಲಿಗೆ ಎಲ್ಲಾದ್ರೂ ಸಿಮೆಂಟ್ ಹಾಕಿದ್ರೆ ಎರಡು ಮೂರು ಸಲ ನೀರು ತುಂಬಿ ಚೆಲ್ಲಿ, ಮೂರು ವಾರ ಬಿಟ್ಟೇ ಮೀನು, ಹೊಸ ಸಿಮೆಂಟಿನ ಕ್ಷಾರಕ್ಕೆ ಮೀನು ಸಾಯ್ತದೆ.

ಹಾವು ಬರ್ತದಾ ಅಂದ್ರೆ, ಬರ್ತದೆ. ಕಲ್ಲಿನ ಸಂದಿ, ನೀರು, ಕಪ್ಪೆ ಮೂರೂ ಇದ್ದಲ್ಲಿ ಬರದೆ ಇರ್ತದಾ. ಹೆಚ್ಚಾಗಿ ಕೇರೆ ಮತ್ತೆ ನೀರೊಳ್ಳೆ, ಎರಡಕ್ಕೂ ವಿಷ ಇಲ್ಲ. ನಾಗರ, ಕೊಳಕುಮಂಡಲ ಬರೂದೇ ಇಲ್ಲ ಅಂತ ನಾನು ಹೇಳ್ಲಾರೆ. ಚೂರುಕಲ್ಲು ಬಿಗಿಯಾಗಿ ತುಂಬಿದ ಗೋಡೇಲಿ ದೊಡ್ಡ ಹಾವಿಗೆ ಜಾಗ ಸಿಗೂದು ಕಷ್ಟ, ಇಲಿ ಬಿಲ ಮಾಡಿದಲ್ಲೇ ಹಾವು, ಹಂಗಾಗಿ ಕೋಳಿ ಕಾಳು, ಮುಸುರೆ ಗೋಡೆ ಹತ್ರ ಬೇಡ. ಹಿತ್ಲ ಬಾಗಿಲಿನ ಎದುರಿನ ಹತ್ತಡಿ ಮಾತ್ರ ಮುಖದ ಸಂದಿಗೆ ಗಾರೆ ತುಂಬಿ, ಅಲ್ಲಿ ಮೂರು ಮೂರಡಿಗೆ ನೀರು ಹೋಗೋ ಪೈಪು ಬಿಟ್ಟು. ನಿಜವಾದ ಅಪಾಯ ಕೆಲಸದ ದಿನಗಳಲ್ಲೇ, ತಿಂಗಳುಗಟ್ಟಲೆ ರಾಶಿ ಬಿದ್ದ ಕಲ್ಲಿನ ಅಡಿಗೆ ಚೇಳು, ಹಾವು ಸೇರಿರ್ತದೆ. ಕಲ್ಲಿಗೆ ಕೈ ಹಾಕೂದಕ್ಕೆ ಮುಂಚೆ ಹಾರೆಯಿಂದ ನಿಮ್ಮ ಕಡೆಗೆ ಮಗುಚಿ, ಆವಾಗ ಅಡಿಗಿದ್ದದ್ದು ಆಚೆ ಬದಿಗೆ ಓಡ್ತದೆ, ಕಲ್ಲೇ ನಿಮಗೆ ಅಡ್ಡ ಆಗ್ತದೆ. ಕಾಲಿಗೆ ಮಾತ್ರ ಬೂಟು ಇರ್ಲಿ.

ಇಷ್ಟೆಲ್ಲ ಹೇಳಿದ್ದು ಧರೆ ಮೂರೇ ಅಡಿ, ಅದರ ಮೇಲೆ ಸಮತಟ್ಟು ಜಾಗ ಅನ್ನೋ ನಂಬಿಕೆ ಮೇಲೆ. ಗುಡ್ಡದ ಬುಡ ಅಂತ ನೀವು ಬರೆದಿರೂದ್ರಿಂದ ಒಂದು ಕೆಲಸ ಮಾಡಿ, ಕಲ್ಲಿಗೆ ಅಡ್ವಾನ್ಸ್ ಕೊಡೂದಕ್ಕೆ ಮೊದಲು ಧರೆ ಹತ್ತಿ ಮೇಲೆ ಐವತ್ತು ಅರವತ್ತು ಹೆಜ್ಜೆ ನಡೆದು ಬನ್ನಿ. ನೆಲದಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಇದೆಯಾ, ಮರಗಳು ಬುಡದಲ್ಲಿ ವಾಲಿ ಆಮೇಲೆ ನೆಟ್ಟಗೆ ಬೆಳೆದಿವೆಯಾ, ಮೊದಲು ಇಲ್ಲದ ಜಾಗದಲ್ಲಿ ಈಚೆಗೆ ಒರತೆ ಹುಟ್ಟಿದೆಯಾ, ಅದು ಕೆಸರು ನೀರಾ ನೋಡಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂದದ್ದು ನಿಮಗೆ ಮರೆತಿರೂದಿಲ್ಲ. ಇವುಗಳಲ್ಲಿ ಒಂದು ಕಂಡ್ರೂ ಅಲ್ಲಿ ಜಾರ್ತಿರೂದು ಮೂರಡಿ ಧರೆ ಅಲ್ಲ ಅಂತ ಲೆಕ್ಕ, ಅದಕ್ಕೆ ನನ್ನ ಗೋಡೆಯೂ ಆಗೂದಿಲ್ಲ ಮೇಸ್ತ್ರಿ ಸಿಮೆಂಟೂ ಆಗೂದಿಲ್ಲ, ಬುಡದಲ್ಲಿ ಒಂದು ಗುದ್ದಲಿ ಮಣ್ಣೂ ತೆಗೀಬೇಡಿ, ಭೂಮಿ ಪರೀಕ್ಷೆ ಮಾಡೋ ಎಂಜಿನಿಯರನ್ನ ಕರೆಸಿ. ಏನೂ ಕಾಣದಿದ್ರೆ ಮೇಲಿಂದ ತೆಗೆದ ಎರಡು ಫೋಟೊ, ಧರೆಯ ಎದುರಿಂದ ಒಂದು, ಮತ್ತೆ ಬಾವೀಲಿ ಈ ಜುಲೈಯಲ್ಲಿ ನೀರು ಎಷ್ಟಡಿಗೆ ಇತ್ತು ಅಂತ ಬರೆದು ಕಳಿಸಿ, ಕೊಳ ಯಾವ ಬದಿಗೆ ಅಂತ ಆಮೇಲೆ ನೋಡುವ.